ಅಂಡರ್‌ಗ್ರಾವೆಲ್ ಫಿಲ್ಟರ್ ಹಾಕಬೇಕಾ? ಜಲ್ಲಿ ಕ್ಲೀನ್ ಮಾಡೋ ತಾಳ್ಮೆ ಇದ್ರೆ ಮಾತ್ರ

ಅಕ್ವೇರಿಯಂ ಅಂಗಡಿಯಲ್ಲಿ ಎರಡಡಿ ಗಾಜಿನ ತೊಟ್ಟಿ ಕೇಳಿದರೆ, ಅದರ ಜೊತೆ ತೂತು ತೂತಾದ ಪ್ಲಾಸ್ಟಿಕ್ ತಟ್ಟೆ, ಒಂದೆರಡು ಕೊಳವೆ, ಪುಟ್ಟ ಏರ್ ಪಂಪ್ ಕೊಡ್ತಾರೆ. ತಟ್ಟೆ ಕೆಳಗೆ, ಅದರ ಮೇಲೆ ಜಲ್ಲಿ, ಮೂಲೆಯಲ್ಲಿ ಕೊಳವೆ. ಇದೇ ಅಂಡರ್‌ಗ್ರಾವೆಲ್ ಫಿಲ್ಟರ್. 'ಇದನ್ನ ಹಾಕಿದ್ರೆ ಕ್ಲೀನಿಂಗ್ ತಲೆನೋವೇ ಇಲ್ಲ' ಅನ್ನೋ ಭರವಸೆ ಬೇರೆ ಫ್ರೀ. ಇನ್ನೊಂದು ಕಡೆ ಯೂಟ್ಯೂಬ್ ನೋಡಿದರೆ, ಇದು ಹಳೇ ಕಾಲದ್ದು, ಕಿತ್ತು ಬಿಸಾಕಿ ಅನ್ನೋರೂ ಇದ್ದಾರೆ.

ನನ್ನ ಅಭಿಪ್ರಾಯ ಇವೆರಡರ ನಡುವೆ ಇದೆ. ಫಿಲ್ಟರ್ ಒಳ್ಳೇದೇ, ಕೊಟ್ಟ ಭರವಸೆ ಮಾತ್ರ ಸುಳ್ಳು. ಮನೆಯಲ್ಲಿ ಕಡಿಮೆ ಮೀನು ಇಟ್ಟು, ವಾರಕ್ಕೊಮ್ಮೆ ಜಲ್ಲಿ ಕ್ಲೀನ್ ಮಾಡೋರಿಗೆ ಇದು ಅಗ್ಗದ, ಗಟ್ಟಿ ವ್ಯವಸ್ಥೆ. ಹಾಕಿ ಮರೆತುಬಿಡೋರಿಗೆ ಇದು ಮೀನಿನ ಕೆಳಗೇ ತೋಡಿದ ತಿಪ್ಪೆಗುಂಡಿ.

ಕೃಷಿ ಪುಟದಲ್ಲಿ ಮೀನಿನ ತೊಟ್ಟಿ ಯಾಕೆ ಅಂತ ಕೇಳಬಹುದು. ಮಾಗಡಿ ರಸ್ತೆಯ ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿ ಕಡೆ ಹೊಲಗಳು ಸೈಟಾಗಿವೆ. ಜಮೀನು ಕಡಿಮೆ ಆದವರು, ಊರಲ್ಲಿ ತೋಟ ಇಟ್ಟುಕೊಂಡು ಇಲ್ಲಿ ಬಾಡಿಗೆಗೆ ಇರೋರು ಚಿಕ್ಕ ಜಾಗದಲ್ಲಿ ಏನಾದ್ರೂ ಮಾಡೋಣ ಅಂತ ನೋಡ್ತಾರೆ. ಅಲಂಕಾರಿಕ ಮೀನು ಆ ಪಟ್ಟಿಯಲ್ಲಿ ಖಂಡಿತ ಇದೆ. ಹೆಚ್ಚಿನವರ ಕಲಿಕೆ ಮನೆಯ ಒಂದು ತೊಟ್ಟಿಯಿಂದಲೇ ಶುರು. ಅಲ್ಲಿ ಫಿಲ್ಟರ್ ಹೇಗೆ ಕೆಲಸ ಮಾಡುತ್ತೆ ಅಂತ ಅರ್ಥ ಆಗದಿದ್ರೆ, ಮುಂದೆ ಹತ್ತು ತೊಟ್ಟಿ ಇಟ್ಟಾಗ ನಷ್ಟವೂ ಹತ್ತರಷ್ಟು.

ತೊಟ್ಟಿಯ ತಳದಲ್ಲಿರೋದೂ ಮಣ್ಣೇ

ಹೊಲಕ್ಕೆ ಯೂರಿಯಾ ಹಾಕಿದರೆ ಅದು ಮೊದಲು ಅಮೋನಿಯಾ ರೂಪಕ್ಕೆ, ಆಮೇಲೆ ನೈಟ್ರೈಟ್‌ಗೆ, ಕೊನೆಗೆ ನೈಟ್ರೇಟ್‌ಗೆ ಬದಲಾಗುತ್ತೆ ಅಂತ ನಮಗೆ ಗೊತ್ತು. ಅಮೋನಿಯಾವನ್ನು ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೇ ವಿನೊಗ್ರಾಡ್‌ಸ್ಕಿ ಅನ್ನೋ ವಿಜ್ಞಾನಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದ. ಮೀನಿನ ತೊಟ್ಟಿಯಲ್ಲೂ ನಡೆಯೋದು ಅದೇ ಕೆಲಸ. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತೆ. ಉಳಿದ ಆಹಾರ, ಹಿಕ್ಕೆ ಕೊಳೆತರೂ ಅಮೋನಿಯಾನೇ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ಆದರೆ ನೀರು ಬದಲಾಯಿಸಿದಾಗಲೇ ಅದು ಹೊರಗೆ ಹೋಗೋದು.

ಏರ್ ಪಂಪಿನ ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ನೀರನ್ನೂ ಎತ್ತುತ್ತವೆ. ಆ ಜಾಗಕ್ಕೆ ಮೇಲಿನ ನೀರು ಜಲ್ಲಿಯ ಮೂಲಕ ಕೆಳಗಿಳಿಯುತ್ತೆ. ಹೀಗೆ ಪ್ರತಿ ಕಲ್ಲಿನ ಮೈಮೇಲೂ ಆಮ್ಲಜನಕ ಇರೋ ನೀರು ಹರಿದು, ಅಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತವೆ. ಅಂದ್ರೆ ನಿಜವಾದ ಫಿಲ್ಟರ್ ಪ್ಲಾಸ್ಟಿಕ್ ತಟ್ಟೆ ಅಲ್ಲ, ಜಲ್ಲಿ ಮೇಲಿನ ಆ ಜೀವಿಗಳು. ಜೀವಾಮೃತ ಕಲಸಿದ ದಿನವೇ ಮಣ್ಣು ಬದಲಾಗಲ್ಲ ಅಲ್ವಾ? ಇದೂ ಹಾಗೇ. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ದಿನವೇ ಹತ್ತು ಗೋಲ್ಡ್‌ಫಿಶ್ ಬಿಟ್ಟು, ಹದಿನೈದನೇ ದಿನ ಎಲ್ಲಾ ಸತ್ತರೆ ಫಿಲ್ಟರನ್ನ ಬೈದು ಪ್ರಯೋಜನ ಇಲ್ಲ.

ಎಲ್ಲಿ ಕೆಡುತ್ತೆ?

ಮೊದಲನೆಯದು ಕೊಳೆ. ನೀರಿನ ಜೊತೆ ಹಿಕ್ಕೆ, ಆಹಾರದ ಪುಡಿ ಎಲ್ಲವೂ ಜಲ್ಲಿಯೊಳಗೆ ಇಳಿಯುತ್ತೆ. ಮೇಲಿನ ನೀರು ಫಳಫಳ ಅಂತ ಕಾಣುತ್ತೆ, ಮನೆಯವರಿಗೆ ಖುಷಿ. ಆದರೆ ಕೊಳೆ ಎಲ್ಲೂ ಹೋಗಿಲ್ಲ, ಕಣ್ಣಿಗೆ ಕಾಣದ ಜಾಗಕ್ಕೆ ಹೋಗಿದೆ. ದಿನ ಕಳೆದಂತೆ ಜಲ್ಲಿಯ ಸಂದು ಮುಚ್ಚುತ್ತೆ. ನೀರು ಸುಲಭದ ದಾರಿ ಹುಡುಕಿಕೊಂಡು ಒಂದೆರಡು ಕಡೆ ಮಾತ್ರ ಹರಿಯುತ್ತೆ. ಡ್ರಿಪ್ ಲ್ಯಾಟರಲ್ ಒಂದು ಕಡೆ ಒಡೆದರೆ ಸಾಲಿನ ಕೊನೆಯ ಗಿಡಕ್ಕೆ ನೀರು ಹೋಗಲ್ವಲ್ಲ, ಅದೇ ಕಥೆ. ನೀರು ಓಡಾಡದ ಜಾಗದಲ್ಲಿ ಆಮ್ಲಜನಕ ಖಾಲಿಯಾಗಿ, ಜಲ್ಲಿ ಕಪ್ಪಾಗಿ, ಕೊಳೆತ ಮೊಟ್ಟೆ ವಾಸನೆ ಬರುತ್ತೆ.

ಎರಡನೆಯದು ಕರೆಂಟ್. ಪಂಪ್ ನಿಂತ ಕೂಡಲೇ ಜಲ್ಲಿಯೊಳಗೆ ನೀರಿನ ಓಡಾಟ ನಿಲ್ಲುತ್ತೆ, ಬ್ಯಾಕ್ಟೀರಿಯಾ ಇದ್ದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಅರ್ಧ ಗಂಟೆ ಹೋದರೆ ತೊಂದರೆ ಇಲ್ಲ. ಹಲವು ಗಂಟೆ ಹೋಗಿ, ಜಲ್ಲಿಯಲ್ಲಿ ಕೊಳೆಯೂ ತುಂಬಿದ್ದರೆ, ಕರೆಂಟ್ ಬಂದಾಗ ಆ ಕೆಟ್ಟ ನೀರೇ ಕೊಳವೆಯಲ್ಲಿ ಮೇಲೆ ಬರುತ್ತೆ. 5 ವ್ಯಾಟ್ ಪಂಪ್ ತಿಂಗಳು ಪೂರ್ತಿ ಓಡಿದರೂ 3.6 ಯೂನಿಟ್ ಅಷ್ಟೇ. ಆದ್ದರಿಂದ ರಾತ್ರಿ ಆಫ್ ಮಾಡಿ ಉಳಿಸೋ ಯೋಚನೆ ಬೇಡ. ಆ ದುಡ್ಡಲ್ಲಿ ಬ್ಯಾಟರಿ ಪಂಪ್ ಒಂದು ತಂದಿಡಿ.

ಮೂರನೆಯದು ಮೀನಿನ ಆಯ್ಕೆ. ಗೋಲ್ಡ್‌ಫಿಶ್ ಜಾಸ್ತಿ ತಿನ್ನುತ್ತೆ, ಜಾಸ್ತಿ ಹೊಲಸು ಮಾಡುತ್ತೆ, ಜಲ್ಲಿ ಕೆದಕುತ್ತೆ. ದೊಡ್ಡ ಸಿಕ್ಲಿಡ್‌ಗಳು ಗುಂಡಿ ತೋಡಿ ತಟ್ಟೆಯನ್ನೇ ಹೊರಗೆ ತೆಗೀತವೆ. ಆಮೇಲೆ ನೀರೆಲ್ಲ ಆ ತೂತಿನಿಂದಲೇ ಇಳಿಯುತ್ತೆ, ಉಳಿದ ಜಲ್ಲಿ ದಂಡ. ಬೇರು ಬಿಡೋ ಗಿಡ ದಟ್ಟವಾಗಿ ಬೆಳೆಸ್ತೀನಿ ಅನ್ನೋರಿಗೂ ಇದು ಸರಿಹೋಗಲ್ಲ. ಬೇರು ತಟ್ಟೆಯ ಸಂದಿಗೆ ಇಳಿಯುತ್ತೆ, ಗಿಡ ಇರೋ ಕಡೆ ಜಲ್ಲಿ ಕ್ಲೀನ್ ಮಾಡೋಕೂ ಆಗಲ್ಲ. ಕಟ್ಟಿಗೆಗೆ ಕಟ್ಟಿ ಬೆಳೆಸೋ ಜಾವಾ ಫರ್ನ್, ಅನೂಬಿಯಸ್ ಆದರೆ ಪರವಾಗಿಲ್ಲ.

ನಮ್ಮ ನೀರಿನ ಲೆಕ್ಕ

ಹೇರೋಹಳ್ಳಿ ಕಡೆ ಒಂದು ಮನೆಗೆ ಕಾವೇರಿ, ಪಕ್ಕದ ಮನೆಗೆ ಬೋರ್‌ವೆಲ್, ಬೇಸಿಗೆಯಲ್ಲಿ ಇಬ್ಬರಿಗೂ ಟ್ಯಾಂಕರ್ ಅನ್ನೋ ಪರಿಸ್ಥಿತಿ ಹೊಸದಲ್ಲ. ಮೂರೂ ನೀರಿನ ಗುಣ ಬೇರೆ. ಕಾವೇರಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತೆ, ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ, ಇಲ್ಲಾಂದ್ರೆ ಅಂಗಡಿಯಲ್ಲಿ ಸಿಗೋ ಆಂಟಿ-ಕ್ಲೋರಿನ್ ಬಳಸಿ. ಜಲ್ಲಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯೋದು ಅಂದ್ರೆ ಆರು ವಾರದ ಬೆಳೆಯನ್ನ ಕಳೆನಾಶಕ ಹೊಡೆದು ಕೊಂದ ಹಾಗೆ.

ಬೋರ್‌ವೆಲ್‌ನ ಗಡಸು ನೀರಿಗೆ ಎರಡು ಮುಖ. ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ನೀರಿನ ಕ್ಷಾರೀಯತೆಯನ್ನ ಬಳಸಿಕೊಳ್ಳುತ್ತವೆ. ಗಡಸು ನೀರಲ್ಲಿ ಅದು ಸಾಮಾನ್ಯವಾಗಿ ಧಾರಾಳ, ಹಾಗಾಗಿ ಪಿಎಚ್ ದಿಢೀರ್ ಬೀಳಲ್ಲ. ಆದರೆ ಪಿಎಚ್ ಜಾಸ್ತಿ ಇದ್ದಾಗ ಅಮೋನಿಯಾದ ವಿಷವೂ ಜಾಸ್ತಿ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ. 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿರುತ್ತೆ. ಪಿಎಚ್ 8 ಆದರೆ ಅದು ಶೇ. 5ಕ್ಕೆ ಏರುತ್ತೆ. ಅದಕ್ಕೇ ನಮ್ಮ ಕಡೆ ಹೊಸ ತೊಟ್ಟಿಗೆ ಒಂದೇ ಸಲ ಮೀನು ತುಂಬಿಸೋದು ಇನ್ನೂ ಅಪಾಯ. ಒಂದು ಅಮೋನಿಯಾ ಟೆಸ್ಟ್ ಕಿಟ್ ತಗೊಳ್ಳಿ, ಇನ್ನೊಂದು ಜೊತೆ ಮೀನಿಗಿಂತ ಅದು ಮುಖ್ಯ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆಯ್ತು. ಇಂಥ ಊರಲ್ಲಿ ತಿಂಗಳಿಗೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ತೊಳೆಯೋದು ನೀರಿಗೂ ನಷ್ಟ, ಮೀನಿಗೂ ನಷ್ಟ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರ್ ಹಿಡಿಯುತ್ತೆ. ವಾರಕ್ಕೆ ಕಾಲು ಭಾಗ, ಅಂದ್ರೆ 14 ಲೀಟರ್ ಸೈಫನ್‌ನಿಂದ ತೆಗೆದರೆ ಸಾಕು. ಆ ನೀರಲ್ಲಿ ನೈಟ್ರೇಟ್ ಇದೆ, ಕೊಳೆತ ಹಿಕ್ಕೆ ಇದೆ. ಕರಿಬೇವಿಗೋ ತಾರಸಿಯ ಸೊಪ್ಪಿಗೋ ಹಾಕಿ. ಉಪ್ಪು ಅಥವಾ ಔಷಧಿ ಹಾಕಿದ ನೀರನ್ನ ಮಾತ್ರ ಗಿಡಕ್ಕೆ ಕೊಡಬೇಡಿ.

ಹಾಕೋದೇ ಆದ್ರೆ ಹೀಗೆ

- ಜಲ್ಲಿ 3ರಿಂದ 5 ಮಿ.ಮೀ. ಗಾತ್ರದ್ದಿರಲಿ, 2ರಿಂದ 3 ಇಂಚು ದಪ್ಪ ಹಾಕಿ. ಮರಳು ಬೇಡ, ತಟ್ಟೆಯ ತೂತು ಕಟ್ಟುತ್ತೆ.
- ತಟ್ಟೆ ತಳವನ್ನು ಪೂರ್ತಿ ಮುಚ್ಚಬೇಕು. ಅರ್ಧಕ್ಕೆ ಹಾಕಿದರೆ ಉಳಿದರ್ಧದಲ್ಲಿ ಕೊಳೆ ನಿಲ್ಲುತ್ತೆ.
- ಪ್ರತಿ ವಾರ ನೀರು ತೆಗೆಯುವಾಗ ಸೈಫನ್ ಬಾಯನ್ನ ಜಲ್ಲಿಯೊಳಗೆ ಚುಚ್ಚಿ ಕೊಳೆ ಎಳೆಯಿರಿ. ಒಂದು ವಾರ ಎಡಭಾಗ, ಮುಂದಿನ ವಾರ ಬಲಭಾಗ.
- ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸೋವಷ್ಟೇ ಆಹಾರ ಹಾಕಿ.
- ಕೊಳವೆಯಲ್ಲಿ ಗುಳ್ಳೆ ಕಡಿಮೆ ಆದರೆ ಏರ್ ಸ್ಟೋನ್ ಬದಲಾಯಿಸಿ.

ಈ ಕೆಲಸಕ್ಕೆ ವಾರಕ್ಕೆ ಇಪ್ಪತ್ತು ನಿಮಿಷ ಸಾಕು. ಅದೂ ಆಗಲ್ಲ ಅನ್ನೋರು ಸ್ಪಂಜ್ ಫಿಲ್ಟರ್ ಹಾಕಿ. ಅದರಲ್ಲೂ ಇದೇ ಬ್ಯಾಕ್ಟೀರಿಯಾ, ಇದೇ ಏರ್ ಪಂಪ್. ವ್ಯತ್ಯಾಸ ಏನಂದ್ರೆ ಕೊಳೆ ಕಣ್ಣಿಗೆ ಕಾಣುತ್ತೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಸ್ಪಂಜನ್ನ ಎರಡು ಸಲ ಹಿಂಡಿದರೆ ಮುಗೀತು.

ಮೀನು ಮಾರೋ ಯೋಚನೆ ಇದ್ದವರಿಗೆ

ಇಲ್ಲಿ ನನ್ನ ಮಾತು ನೇರ: ಮರಿ ಮಾಡಿಸೋ ತೊಟ್ಟಿಗೆ ಅಂಡರ್‌ಗ್ರಾವೆಲ್ ಬೇಡವೇ ಬೇಡ. ಸಾಕಣೆ ತೊಟ್ಟಿಯ ತಳ ಖಾಲಿ ಇರಬೇಕು, ಹಿಕ್ಕೆ ಕಂಡ ಕೂಡಲೇ ಎಳೆಯೋ ಹಾಗಿರಬೇಕು, ರೋಗ ಬಂದರೆ ತೊಟ್ಟಿ ಖಾಲಿ ಮಾಡಿ ಒಣಗಿಸೋ ಹಾಗಿರಬೇಕು. ಜಲ್ಲಿ ತುಂಬಿದ ತೊಟ್ಟಿಯಲ್ಲಿ ಇದ್ಯಾವುದೂ ಸುಲಭ ಅಲ್ಲ. ಸ್ಪಂಜ್ ಫಿಲ್ಟರ್ ಮರಿಗಳನ್ನ ಎಳೆಯಲ್ಲ, ಹಳೇ ತೊಟ್ಟಿಯ ಸ್ಪಂಜನ್ನ ಹೊಸದಕ್ಕೆ ಹಾಕಿದರೆ ಹೆಪ್ಪು ಹಾಕಿದ ಹಾಗೆ ಬ್ಯಾಕ್ಟೀರಿಯಾನೂ ಹೋಗುತ್ತೆ. ರೋಗ ಇದ್ದ ತೊಟ್ಟಿಯದ್ದನ್ನ ಮಾತ್ರ ಹಾಕಬೇಡಿ. ನಮ್ಮ ಗಡಸು ನೀರಿಗೆ ಗಪ್ಪಿ, ಮೋಲಿ, ಪ್ಲಾಟಿ ಚೆನ್ನಾಗಿ ಒಗ್ಗುತ್ತವೆ. ಅವುಗಳಿಂದಲೇ ಶುರು ಮಾಡಿ.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಗಿತ್ತು. ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನ. ಈಗ ಅರ್ಜಿ ತಗೋತಿದ್ದಾರಾ ಅಂತ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ತಾಂತ್ರಿಕ ಮಾಹಿತಿಗೆ ಹೆಸರಘಟ್ಟದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಆದರೆ ಸಹಾಯಧನದ ಲೆಕ್ಕ ಹಾಕೋ ಮೊದಲು ಮನೆಯ ಒಂದು ತೊಟ್ಟಿಯಲ್ಲಿ ಆರು ತಿಂಗಳು ಮೀನು ಉಳಿಸಿ ತೋರಿಸಿ.

ಬೇಡವಾದ ಮೀನನ್ನ ಹೇರೋಹಳ್ಳಿ ಕೆರೆಗೋ ಊರ ಕಟ್ಟೆಗೋ ಬಿಡಬೇಡಿ, ಅದು ಪುಣ್ಯದ ಕೆಲಸ ಅಲ್ಲ. ಹೊರಗಿನ ಮೀನು ಅಲ್ಲಿನ ಮೀನಿನ ಊಟ, ಜಾಗ ಎರಡನ್ನೂ ಕಿತ್ಕೊಳ್ಳುತ್ತೆ. ಅಂಗಡಿಗೆ ವಾಪಸ್ ಕೊಡಿ, ಇಲ್ಲಾ ಸಾಕೋರಿಗೆ ಕೊಡಿ.

ಮಣ್ಣು ನೋಡಿಕೊಳ್ಳೋಕೆ ಬರೋರಿಗೆ ಜಲ್ಲಿ ನೋಡಿಕೊಳ್ಳೋದು ಕಷ್ಟ ಅಲ್ಲ. ಈಗಾಗಲೇ ಮನೆಯಲ್ಲಿ ಅಂಡರ್‌ಗ್ರಾವೆಲ್ ಇದ್ದರೆ ಕಿತ್ತು ಹಾಕಬೇಡಿ, ಈ ಭಾನುವಾರ ಸೈಫನ್ ಹಿಡಿದು ಒಂದು ಮೂಲೆಯ ಜಲ್ಲಿ ಕೆದಕಿ ನೋಡಿ. ಬರೋ ನೀರಿನ ಬಣ್ಣ ನೋಡಿದ್ರೆ ಉತ್ತರ ಸಿಗುತ್ತೆ.