ಚೀಟಿ ಎಲ್ಲಿದೆ ಸೋದರಿ?



"ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ." ಸರಕಾರಿ ಕಚೇರಿಯ ಬಾಗಿಲಲ್ಲಿ ಈ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಹೇಳುವವರಿಗೆ ಅದು ಐದು ಶಬ್ದ. ಕೇಳುವವಳಿಗೆ ಒಂದು ದಿನದ ದುಡಿಮೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ವಿದ್ಯಾರ್ಥಿನಿಯೊಬ್ಬಳು ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕಗಳೊಂದಿಗೆ ತೇರ್ಗಡೆಯಾದಳು. ತಂದೆ ಇಲ್ಲ. ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಾಳೆ. ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಿತ್ತು. ತಾಯಿ ಹೋಗಿ ಅರ್ಜಿಯನ್ನು ಅಲ್ಲಿದ್ದವರ ಕೈಗೆ ಕೊಟ್ಟು ಬಂದಳು. ವಾರ ಬಿಟ್ಟು ಹೋದಳು, ಸಾಹೇಬರಿಲ್ಲ. ಮತ್ತೆ ಹೋದಳು, ಸಹಿ ಆಗಿಲ್ಲ. ಮೂರನೆಯ ಸಲ ಹೋದಾಗ, "ಅರ್ಜಿ ಯಾವಾಗ ಕೊಟ್ಟದ್ದು? ಚೀಟಿ ಎಲ್ಲಿದೆ?" ಎಂದು ಅವಳನ್ನೇ ಕೇಳಿದರಂತೆ. ಅವಳ ಬಳಿ ಚೀಟಿ ಇರಲಿಲ್ಲ. ಕೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಪ್ರತಿ ಸಲವೂ ಅವಳು ನನ್ನ ಬಳಿ ಬಂದು ಹೇಳುತ್ತಿದ್ದಳು. "ಸಬ್ರ್ ಮಾಡು, ಆಗುತ್ತದೆ" ಎಂದು ನಾನು ಸಮಾಧಾನಪಡಿಸುತ್ತಿದ್ದೆ. ಪ್ರಮಾಣಪತ್ರ ಬಂತು, ಕೊನೆಯ ದಿನಾಂಕ ಕಳೆದು ಹತ್ತು ದಿನಗಳ ಮೇಲೆ! ಮಗಳ ಕಾಲೇಜು ಶುಲ್ಕಕ್ಕೆ ತಾಯಿಯ ಕಿವಿಯೋಲೆ ಅಡವಿಗೆ ಹೋಯಿತು. ಬಿ.ಎ. ಓದಿದ ನಾನು ಅವಳಿಗೆ ತಾಳ್ಮೆ ಕಲಿಸಿದೆ, ಕಾನೂನು ತಿಳಿಸಲಿಲ್ಲ. ಆ ನೋವು ಇಂದಿಗೂ ನನ್ನಲ್ಲಿದೆ.

ತಿಳಿಸಬೇಕಿದ್ದುದು ಇಷ್ಟೇ. ಕರ್ನಾಟಕದಲ್ಲಿ 2011ರ ಒಂದು ಕಾಯ್ದೆಯಿದೆ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅದನ್ನು ಜನ 'ಸಕಾಲ' ಎಂದೇ ಕರೆಯುತ್ತಾರೆ. ಆದಾಯ ಮತ್ತು ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ವಿಧವಾ ವೇತನ ಮುಂತಾದ ಸೇವೆಗಳಿಗೆ ಇಂತಿಷ್ಟು ದಿನ ಎಂದು ಅದರಲ್ಲಿ ಗಡುವು ನಿಗದಿಯಾಗಿದೆ. ಅರ್ಜಿ ಕೊಟ್ಟಾಗ 15 ಅಂಕೆಗಳ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೊಡಬೇಕು. ಆ ಸಂಖ್ಯೆಯಿಂದ ಅರ್ಜಿ ಯಾವ ಹಂತದಲ್ಲಿದೆಯೆಂದು ಮನೆಯಲ್ಲೇ ಮೊಬೈಲಿನಲ್ಲಿ ನೋಡಬಹುದು. ಗಡುವು ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರಕ್ಕೂ ಅವಕಾಶವಿದೆ. 20 ರೂಪಾಯಿ ದೊಡ್ಡ ಮೊತ್ತವಲ್ಲ, ನಿಜ. ಆದರೆ ತಪ್ಪಿದವರು ಲೆಕ್ಕ ಕೊಡಬೇಕಾಗುತ್ತದಲ್ಲ, ಅದು ದೊಡ್ಡದು.

ಇನ್ನೊಂದು, 2005ರ ಮಾಹಿತಿ ಹಕ್ಕು ಕಾಯ್ದೆ. ಪ್ರತಿ ಕಚೇರಿಯೂ ತನ್ನ ಕೆಲಸಗಳೇನು, ಅಧಿಕಾರಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ ಅದು. ನಿಮ್ಮ ಅರ್ಜಿ ಏನಾಯಿತೆಂದು ಬಿಳಿ ಹಾಳೆಯಲ್ಲಿ ಬರೆದು, 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಯಾಕೆ ಕೇಳುತ್ತೀರೆಂದು ಕಾರಣ ಹೇಳಬೇಕಾಗಿಲ್ಲ. ಉತ್ತರಕ್ಕೆ 30 ದಿನಗಳ ಗಡುವು.

ಅಧಿಕಾರಿಗಳೆಲ್ಲರೂ ಕೆಟ್ಟವರೆಂದು ನಾನು ಹೇಳುವುದಿಲ್ಲ. ಒಬ್ಬರೇ ಎರಡು ಮೂರು ಹುದ್ದೆಗಳ ಹೊರೆ ಹೊತ್ತಿರುತ್ತಾರೆ. ಚುನಾವಣೆ, ಸಮೀಕ್ಷೆ, ಸ್ಥಳ ಪರಿಶೀಲನೆ ಎಂದು ಹೊರಗೆ ಹೋಗಲೇಬೇಕು. ಅವರು ಸದಾ ಕುರ್ಚಿಯಲ್ಲಿರಬೇಕೆಂದು ಯಾರೂ ಬಯಸುವುದಿಲ್ಲ. ಯಾವ ದಿನ, ಯಾವ ಹೊತ್ತಿಗೆ ಸಿಗುತ್ತಾರೆಂದು ಬಾಗಿಲಲ್ಲೊಂದು ಫಲಕ ಹಾಕಿ, ಅದರಂತೆ ನಡೆದರೆ ಸಾಕು. ಶಾಲೆಯಲ್ಲಿ ಮಗುವಿಗೂ ವೇಳಾಪಟ್ಟಿ ಇರುತ್ತದೆ. ಸಾರ್ವಜನಿಕರ ಕೆಲಸಕ್ಕೆ ಬೇಡವೇ?

ನಮ್ಮ ಕಡೆಯಿಂದಲೂ ಲೋಪಗಳಿವೆ. ಗಂಡಸರು ಹೋಗಲಿ ಎಂದು ಕಾಯುತ್ತೇವೆ. ಕೊನೆಯ ದಿನದವರೆಗೆ ಮುಂದೂಡುತ್ತೇವೆ. ಗ್ರಾಮಸಭೆ ನಮಗಲ್ಲವೆಂದು ಮನೆಯಲ್ಲೇ ಉಳಿಯುತ್ತೇವೆ. ಮಗುವಿನ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮ 1969ರ ಕಾಯ್ದೆಯಡಿ ಇದೆ. ಆದರೂ ಶಾಲೆಗೆ ಸೇರಿಸುವ ಹೊತ್ತಿಗೆ ಪ್ರಮಾಣಪತ್ರಕ್ಕಾಗಿ ಓಡಾಡುವ ತಾಯಂದಿರನ್ನು ಪ್ರತಿ ಜೂನ್‌ನಲ್ಲೂ ನೋಡುತ್ತೇನೆ.

ಆದ್ದರಿಂದ ಸೋದರಿಯರೇ, ಇಂದೇ ಒಂದು ಹಳೆಯ ಫೈಲು ತೆಗೆದಿಡಿ. ಕೊಟ್ಟ ಪ್ರತಿ ಅರ್ಜಿಯ ನಕಲು, ಸ್ವೀಕೃತಿ ಚೀಟಿ ಅದರಲ್ಲಿರಲಿ. ಹೋದ ದಿನ, ಅವರು ಹೇಳಿದ ಮಾತು ಬರೆದಿಡಿ. ಚೀಟಿ ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಮೃದುವಾಗಿಯೇ ಕೇಳಿ, ಆದರೆ ಕೇಳದೆ ಬಿಡಬೇಡಿ. ಪಕ್ಕದ ಮನೆಯ ಅಕ್ಷರ ಬಾರದ ಅಜ್ಜಿಯ ಚೀಟಿಯನ್ನೂ ಒಮ್ಮೆ ಓದಿ ಹೇಳಿ.

ಅಂದ ಹಾಗೆ, ಆ ತಾಯಿ ಆಮೇಲೆ ವಿಧವಾ ವೇತನಕ್ಕೆ ಅರ್ಜಿ ಹಾಕಿದಳು. ಕಚೇರಿಯಿಂದ ನೇರವಾಗಿ ನನ್ನ ಮನೆಗೆ ಬಂದು, ಸೆರಗಿನ ಗಂಟು ಬಿಚ್ಚಿ ತೋರಿಸಿದಳು. "ಟೀಚರ್, ಈ ಸಲ ಚೀಟಿ ತಂದಿದ್ದೇನೆ."