ಗಣಿತಸಾರಸಂಗ್ರಹದ ಹಾರ ಮತ್ತು ಒಡೆಯದ ಸಂಖ್ಯೆಗಳು

ಅಮೋಘವರ್ಷ ನೃಪತುಂಗನ (814–878) ಕಾಲದ ಎರಡು ಶಾಸ್ತ್ರಗ್ರಂಥಗಳು ಉಳಿದು ಬಂದಿವೆ. ಶ್ರೀವಿಜಯನ ಕವಿರಾಜಮಾರ್ಗವು ಸಾಹಿತ್ಯ ವಿದ್ಯಾರ್ಥಿಗಳಿಗೆ ಸಂದಿತು. ಮಹಾವೀರಾಚಾರ್ಯರ ಸಂಸ್ಕೃತ ಗಣಿತಸಾರಸಂಗ್ರಹವು ಗಣಿತಜ್ಞರ ಪಾಲಾಯಿತು. ಈ ಪಾಲುಪಟ್ಟಿ ಸಾಹಿತ್ಯಕ್ಕೇ ನಷ್ಟವನ್ನುಂಟುಮಾಡಿದೆ.

ಆಚಾರ್ಯರ ಒಂದು ಲೆಕ್ಕವನ್ನೇ ನೋಡಬಹುದು. ಒಂದು ಜಿನಾಲಯದ ಪೂಜೆಗೆ 139 ಪುಷ್ಯರಾಗ ಮಣಿಗಳಾದರೆ 109 ಜಿನಾಲಯಗಳಿಗೆ ಎಷ್ಟು? ಉತ್ತರ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಚಿತ್ರಕಾವ್ಯವನ್ನು ಬಲ್ಲವರು ಇದನ್ನು ಗತಪ್ರತ್ಯಾಗತವೆನ್ನುವರು. 152207ನ್ನು 73ರಿಂದ ಗುಣಿಸಿದರೆ 11111111, 142857143ನ್ನು 7ರಿಂದ ಗುಣಿಸಿದರೆ 1000000001 ಎಂಬ ಹಾರಗಳೂ ಆ ಗ್ರಂಥದಲ್ಲಿವೆ.

ಹಾರದ ಸೊಬಗಿನ ಹಿಂದೆ ಇನ್ನೊಂದು ಗುಣವಿದೆ. 139 ಮತ್ತು 109 ಎರಡೂ ಅವಿಭಾಜ್ಯ ಸಂಖ್ಯೆಗಳು. ಒಂದರಿಂದ ಮತ್ತು ತಮ್ಮಿಂದಲ್ಲದೆ ಬೇರಾವುದರಿಂದಲೂ ಅವು ನಿಶ್ಶೇಷವಾಗಿ ಭಾಗವಾಗವು. ಆದ್ದರಿಂದ 15151 ಮಣಿಗಳನ್ನು ಹಲವು ಜಿನಾಲಯಗಳಿಗೆ, ಪ್ರತಿಯೊಂದಕ್ಕೂ ಒಂದಕ್ಕಿಂತ ಹೆಚ್ಚು ಬರುವಂತೆ ಸಮನಾಗಿ ಹಂಚಲು ಎರಡೇ ದಾರಿಗಳು: 109 ಜಿನಾಲಯಗಳು ಅಥವಾ 139 ಜಿನಾಲಯಗಳು. 142857143ರೊಳಗೆ 11, 13, 19ರೊಂದಿಗೆ 52579 ಎಂಬ ದೊಡ್ಡ ಅವಿಭಾಜ್ಯವೊಂದು ಅಡಗಿದೆ. ಇಂದಿನ ಅವಿಭಾಜ್ಯ ಸಿದ್ಧಾಂತವನ್ನು ಒಂಬತ್ತನೆಯ ಶತಮಾನಕ್ಕೆ ಆರೋಪಿಸಬೇಕಾಗಿಲ್ಲ. ಹಾರವನ್ನು ಆಚಾರ್ಯರು ಪೋಣಿಸಿದರು, ಮಣಿಗಳ ಈ ಗುಣವನ್ನು ಇಂದಿನ ಓದು ಕಾಣುತ್ತದೆ.

ಅಲಂಕಾರಶಾಸ್ತ್ರದ ವಿವೇಕ ಇಲ್ಲಿ ನೆರವಿಗೆ ಬರುತ್ತದೆ. ಹಿಂದುಮುಂದಾಗಿ ಓದುವ ಸೊಬಗು ದಶಮಾನ ಬರವಣಿಗೆಗೆ ಸೇರಿದ್ದು. ಹನ್ನೆರಡರ ಮಾನದಲ್ಲಿ ಬರೆದರೆ 15151 ಎಂಬುದು 8927 ಆಗುತ್ತದೆ, ಹಾರ ಹರಿಯುತ್ತದೆ. ಭಾಷಾಂತರದಲ್ಲಿ ಶಬ್ದಾಲಂಕಾರ ಕಳೆದುಹೋಗುವುದು ಹೀಗೆಯೇ. 139ರ ಅವಿಭಾಜ್ಯತೆಯಾದರೋ ಯಾವ ಮಾನದಲ್ಲಿ, ಯಾವ ಲಿಪಿಯಲ್ಲಿ ಬರೆದರೂ ಅಳಿಯದು, ಅದು ಅರ್ಥಾಲಂಕಾರದಂತೆ. ಶಬ್ದಕ್ಕೆ ಸೇರಿದ ಚೆಲುವು ಯಾವುದು, ಅರ್ಥಕ್ಕೆ ಸೇರಿದ್ದು ಯಾವುದು ಎಂಬ ಪ್ರಶ್ನೆಗೆ ಇಷ್ಟು ಖಚಿತವಾದ ನಿದರ್ಶನ ಕಾವ್ಯದಲ್ಲಿ ಸುಲಭವಾಗಿ ಸಿಗದು. ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣಗಳಲ್ಲಿಯೂ ಗಣಿತಕ್ಕೆ ಸ್ಥಾನವಿದೆಯೆಂದು ಆಚಾರ್ಯರೇ ಗ್ರಂಥಾರಂಭದಲ್ಲಿ ಹೇಳಿದ್ದಾರೆ.

ಬೀದರ್, ಭಾಲ್ಕಿ, ಔರಾದಗಳ ಕನ್ನಡ ವಿಭಾಗಗಳಿಗೆ ಇದು ದೂರದ ಮಾತಲ್ಲ. ರಾಷ್ಟ್ರಕೂಟರ ಮಳಖೇಡ ನೆರೆಯ ಕಲಬುರಗಿ ಜಿಲ್ಲೆಯಲ್ಲಿದೆ. ಕವಿರಾಜಮಾರ್ಗವು ಕನ್ನಡ ನಾಡಿಗೆ ಗಡಿಯೆಂದು ಹೇಳಿದ ಗೋದಾವರಿಯನ್ನೇ ಈ ಸೀಮೆಯ ಮಾಂಜ್ರಾ ಸೇರುತ್ತದೆ. ಬೀದರಿನಲ್ಲಿ 1472ರ ಮದರಸಾವನ್ನು ಕಟ್ಟಿಸಿದ ಮಹಮೂದ್ ಗವಾನನು ಪತ್ರಲೇಖನ ಕಲೆಯ ಗ್ರಂಥಕಾರ. ಅವನ ಮದರಸಾದಲ್ಲಿ ಗಣಿತವೂ ಪಾಠವಾಗಿತ್ತು. ಅಕ್ಷರವನ್ನೂ ಅಂಕಿಯನ್ನೂ ಬೇರ್ಪಡಿಸುವುದು ಈ ನೆಲದ ರೂಢಿಯಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಗಣಿತಸಾರಸಂಗ್ರಹದ ಪದ್ಮಾವತಮ್ಮನವರ ಕನ್ನಡಾನುವಾದವು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ; ಭಾಷೆ ತಿಳಿಯದೆಂಬ ನೆಪಕ್ಕೆ ಆಸ್ಪದವಿಲ್ಲ.

ಕವಿರಾಜಮಾರ್ಗದ ಪಾಠದ ಪಕ್ಕದಲ್ಲಿ ಈ ಒಂದು ಲೆಕ್ಕವನ್ನಿಟ್ಟರೆ ಸಾಕು. ನೃಪತುಂಗನ ಯುಗವನ್ನು ಅರ್ಧವೇ ಓದಿ ಪೂರ್ಣವೆಂದು ಭಾವಿಸುವ ಅಭ್ಯಾಸ ಅಲ್ಲಿಗೆ ಮುಗಿಯುತ್ತದೆ.