ಹದಿನಾರು ಮತಗಳ ಜಯನಗರ

2023ರ ಮೇ 13ರ ಮಧ್ಯಾಹ್ನಕ್ಕೆಲ್ಲ ಕರ್ನಾಟಕದ ತೀರ್ಪು ಸ್ಪಷ್ಟವಾಗಿತ್ತು. ಕಾಂಗ್ರೆಸ್ಸಿಗೆ ಬಹುಮತ ಸಿಕ್ಕಿತ್ತು. ಆದರೆ ಜಯನಗರದ ಎಣಿಕೆ ಕೇಂದ್ರದಲ್ಲಿ ರಾತ್ರಿಯಾದರೂ ಫಲಿತಾಂಶ ಘೋಷಣೆಯಾಗಿರಲಿಲ್ಲ. ಮೊದಲು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅಲ್ಪ ಅಂತರದಿಂದ ಮುಂದಿದ್ದರು. ಬಿಜೆಪಿ ಮರುಎಣಿಕೆಗೆ ಪಟ್ಟು ಹಿಡಿಯಿತು, ಎರಡೂ ಪಕ್ಷದ ಕಾರ್ಯಕರ್ತರು ಹೊರಗೆ ಜಮಾಯಿಸಿದರು. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದರೆಂದು ಅಧಿಕಾರಿಗಳು ಘೋಷಿಸಿದರು. ಅವರಿಗೆ ಬಂದದ್ದು 57,797 ಮತ, ಸೌಮ್ಯಾ ಅವರಿಗೆ 57,781. ಅಂತರ 16. ಸೋತವರು ಹೈಕೋರ್ಟ್ ಮೆಟ್ಟಿಲೇರಿದರು.

ಅಂದು ಜಗಳ ನಡೆದದ್ದು ಅಂಚೆ ಮತಗಳ ಬಗ್ಗೆ. ಈ ವಿಷಯ ಪತ್ರಿಕೆಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಚುನಾವಣಾ ಕರ್ತವ್ಯದ ಮೇಲಿರುವ ನೌಕರರು ಮತಯಂತ್ರದ ಬದಲು ಕಾಗದದ ಮತಪತ್ರದಲ್ಲಿ ಮತ ಹಾಕಬಹುದು. ಮತಪತ್ರದ ಜೊತೆ ಸಹಿ ಮಾಡಿದ, ಅಧಿಕಾರಿಯೊಬ್ಬರು ದೃಢೀಕರಿಸಿದ ಘೋಷಣಾ ಪತ್ರವೂ ಇರಬೇಕು. ಸಹಿ ಬಿಟ್ಟುಹೋದರೆ, ಘೋಷಣೆಯಲ್ಲಿರುವ ಕ್ರಮಸಂಖ್ಯೆಗೂ ಲಕೋಟೆಯ ಮೇಲಿನ ಸಂಖ್ಯೆಗೂ ತಾಳೆಯಾಗದಿದ್ದರೆ, ಒಳಲಕೋಟೆಯನ್ನು ತೆರೆಯದೆಯೇ ಮತ ತಿರಸ್ಕೃತವಾಗುತ್ತದೆ. ಗೆಲುವಿನ ಅಂತರ ಹೀಗೆ ತಿರಸ್ಕೃತವಾದ ಮತಗಳ ಸಂಖ್ಯೆಗಿಂತ ಕಡಿಮೆಯಿದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕೆಂಬುದು ಚುನಾವಣಾ ಆಯೋಗದ ನಿಯಮ. ಕರ್ನಾಟಕದಲ್ಲಿ 80 ದಾಟಿದ ಹಿರಿಯರು ಮನೆಯಿಂದಲೇ ಮತ ಹಾಕುವ ವ್ಯವಸ್ಥೆ ಬಂದದ್ದೂ ಅದೇ 2023ರ ವಿಧಾನಸಭಾ ಚುನಾವಣೆಯಲ್ಲಿ. ಆ ಮತಗಳೂ ಅಂಚೆ ಮತಗಳೇ. ಜಯನಗರದಂಥ, ನಿವೃತ್ತರು ತುಂಬಿರುವ ಬಡಾವಣೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಕಾಂಗ್ರೆಸ್ ಅಭ್ಯರ್ಥಿಯನ್ನೇ ಹೋಲುವ ಹೆಸರಿನ ಪಕ್ಷೇತರರೊಬ್ಬರು ಮುನ್ನೂರಕ್ಕೂ ಹೆಚ್ಚು ಮತ ಪಡೆದದ್ದನ್ನೂ ಇಲ್ಲಿ ನೆನಪಿಡಬೇಕು.

ಇಂಥ ಫಲಿತಾಂಶವನ್ನು ಅದೃಷ್ಟದ ಆಟವೆಂದು ತಳ್ಳಿಹಾಕುವವರಿದ್ದಾರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದಾಗಲೂ ಹಾಗೆಯೇ ಅಂದಿದ್ದರು. ನಾನು ಹಾಗೆ ನೋಡಲಾರೆ. ಜಯನಗರ ಸೇರಿರುವ ಬೆಂಗಳೂರು ದಕ್ಷಿಣವೆಂದರೆ ಬಿಜೆಪಿಯ ಭದ್ರಕೋಟೆ ಎಂದು ಕಣ್ಣು ಮುಚ್ಚಿ ಹೇಳುವ ರೂಢಿಯಿದೆ. ಆ ಮಾತು ಎಲ್ಲಿ ನಿಜ, ಎಲ್ಲಿ ಅಲ್ಲ ಎಂಬುದನ್ನು ಆ 16 ಮತಗಳೇ ತೋರಿಸುತ್ತವೆ.

ಮೊದಲು ಲೋಕಸಭೆಯನ್ನು ನೋಡೋಣ. ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತವೆಲ್ಲ ಇಂದಿರಾ ಗಾಂಧಿಯವರ ವಿರುದ್ಧ ತಿರುಗಿತು, ಕರ್ನಾಟಕ ತಿರುಗಲಿಲ್ಲ. ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಹೆಗ್ಡೆ ಜನತಾ ಪಕ್ಷದಿಂದ ಗೆದ್ದು, ಮುಂದೆ ಲೋಕಸಭೆಯ ಸ್ಪೀಕರ್ ಆದರು. 1980ರಲ್ಲಿ ಇಂದಿರಾ ಮರಳಿದಾಗ ಕರ್ನಾಟಕದ 27 ಸ್ಥಾನ ಅವರ ಪಕ್ಷದ ಪಾಲಾಯಿತು. ಉಳಿದ ಒಂದೇ ಸ್ಥಾನ ಮತ್ತೆ ಇದೇ ಕ್ಷೇತ್ರ. ಗೆದ್ದವರು ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಟಿ.ಆರ್. ಶಾಮಣ್ಣ. 1984ರಲ್ಲಿ ಜನತಾ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್ ಗೆದ್ದರು. ಗಾಳಿ ಬೀಸಿದತ್ತ ವಾಲದ ಮತದಾರರು ಇಲ್ಲಿ ಬಿಜೆಪಿಗಿಂತ ಮೊದಲೇ ಇದ್ದರು. ಓದು, ಸರಕಾರಿ ಇಲ್ಲವೆ ಸಾರ್ವಜನಿಕ ಉದ್ಯಮದ ನೌಕರಿ, ಸಂಬಳದ ಬದುಕು, ಬೆಳಗಿನ ಪತ್ರಿಕೆ, ಅಭ್ಯರ್ಥಿಯ ನಡತೆಯನ್ನು ತೂಗಿ ನೋಡುವ ಅಭ್ಯಾಸ ಇವೆಲ್ಲ ಸೇರಿ ಆದ ಮನೋಭಾವ ಅದು. ಜಯಪ್ರಕಾಶ ನಾರಾಯಣರ ಹೆಸರನ್ನು ಒಂದು ದೊಡ್ಡ ಬಡಾವಣೆಯೇ ಹೊತ್ತಿರುವುದು ಈ ದಿಕ್ಕಿನಲ್ಲಿ ಎಂಬುದೂ ಗಮನಾರ್ಹ.

1989ರಲ್ಲಿ ಆರ್. ಗುಂಡೂರಾವ್ ಕಾಂಗ್ರೆಸ್ಸಿಗೆ ಈ ಸ್ಥಾನ ಗೆದ್ದುಕೊಟ್ಟರು. ಎರಡೇ ವರ್ಷದಲ್ಲಿ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರು ಬಿಜೆಪಿಯಿಂದ ಗೆದ್ದರು, ಅಲ್ಲಿಂದಾಚೆ ಕ್ಷೇತ್ರ ಆ ಪಕ್ಷದ ಕೈ ಬಿಟ್ಟಿಲ್ಲ. 1996ರಿಂದ ಸತತ ಆರು ಬಾರಿ ಅನಂತಕುಮಾರ್. ಅವರು 2018ರ ನವೆಂಬರಿನಲ್ಲಿ ತೀರಿಕೊಂಡ ಮೇಲೆ 2019 ಮತ್ತು 2024ರಲ್ಲಿ ತೇಜಸ್ವಿ ಸೂರ್ಯ.

ವಿಧಾನಸಭೆಯಲ್ಲಿ ಕಥೆ ಬೇರೆ. ಹಳೆಯ ಜಯನಗರ ಕ್ಷೇತ್ರದಿಂದ 1989ರಿಂದ 2004ರವರೆಗೆ ಸತತ ನಾಲ್ಕು ಬಾರಿ ಗೆದ್ದವರು ಕಾಂಗ್ರೆಸ್ಸಿನ ರಾಮಲಿಂಗಾ ರೆಡ್ಡಿ. ದೆಹಲಿಗೆ ಅನಂತಕುಮಾರರನ್ನು ಕಳಿಸಿದ ಮನೆಗಳೇ ವಿಧಾನಸೌಧಕ್ಕೆ ರೆಡ್ಡಿಯವರನ್ನು ಕಳಿಸುತ್ತಿದ್ದವು. 2013-14ರ ಲೆಕ್ಕ ಇನ್ನೂ ಸ್ಪಷ್ಟ. 2013ರಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕಾಂಗ್ರೆಸ್ ನಾಲ್ಕು, ಬಿಜೆಪಿ ನಾಲ್ಕು. ಮರುವರ್ಷ ಅದೇ ಎಂಟರಲ್ಲಿ ಅನಂತಕುಮಾರ್ ಕಾಂಗ್ರೆಸ್ಸಿನ ನಂದನ್ ನಿಲೇಕಣಿಯವರನ್ನು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಶಾಸಕ ಬೇಕಾಗುವುದು ಮೋರಿ, ಖಾತೆ, ನೀರಿನ ಟ್ಯಾಂಕರಿಗೆ. ಸಂಸದ ಯಾರೆಂಬುದನ್ನು ದೇಶದ ಪ್ರಶ್ನೆ ತೀರ್ಮಾನಿಸುತ್ತದೆ. ಇಲ್ಲಿನ ಮತದಾರರು ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡು ಬಂದಿದ್ದಾರೆ.

ಚಿತ್ರ ಬದಲಾದದ್ದು 2008ರ ಕ್ಷೇತ್ರ ಪುನರ್ವಿಂಗಡಣೆಯಿಂದ. ಅದಕ್ಕೆ ಮುಂಚೆ ಉತ್ತರಹಳ್ಳಿ ಎಂಬ ಒಂದೇ ಕ್ಷೇತ್ರ ಹೊರವಲಯದ ಲಕ್ಷಾಂತರ ಮತದಾರರನ್ನು ಹೊತ್ತು, ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿತ್ತು. ಅದು ಒಡೆಯಿತು. ಪದ್ಮನಾಭನಗರ, ಬಿ.ಟಿ.ಎಂ. ಲೇಔಟ್, ಬೊಮ್ಮನಹಳ್ಳಿ ಹೊಸ ಕ್ಷೇತ್ರಗಳಾದವು. ಉತ್ತರಹಳ್ಳಿಯ ಬಿಜೆಪಿ ಶಾಸಕ ಆರ್. ಅಶೋಕ ಪದ್ಮನಾಭನಗರಕ್ಕೆ ಬಂದರು, ರಾಮಲಿಂಗಾ ರೆಡ್ಡಿ ಬಿ.ಟಿ.ಎಂ.ಗೆ ಹೋದರು. ಇಬ್ಬರೂ ಆ ಕ್ಷೇತ್ರಗಳಲ್ಲಿ ಇಂದಿನವರೆಗೆ ಸೋತಿಲ್ಲ. ಬನಶಂಕರಿ ದೇವಸ್ಥಾನ, ಕುಮಾರಸ್ವಾಮಿ ಲೇಔಟ್, ಯಡಿಯೂರು ಪದ್ಮನಾಭನಗರದೊಳಗೆ ಸೇರಿದವು. ಅಲ್ಲಿ 2023ರಲ್ಲಿ ಅಶೋಕರ ಅಂತರ 55 ಸಾವಿರ. ಕೋರಮಂಗಲ, ಆಡುಗೋಡಿ, ಈಜಿಪುರ, ಮಡಿವಾಳ ಬಿ.ಟಿ.ಎಂ. ಕ್ಷೇತ್ರವಾದವು, ಅಲ್ಲಿ ಪಿ.ಜಿ.ಗಳಲ್ಲಿರುವ ಐ.ಟಿ. ನೌಕರರೂ ಇದ್ದಾರೆ, ತಲೆಮಾರುಗಳಿಂದ ಕೂಲಿ ಮಾಡಿ ಬದುಕಿದವರೂ ಇದ್ದಾರೆ. ಜೆ.ಪಿ. ನಗರವಂತೂ ಹಂಚಿಹೋಯಿತು. ಒಳಗಿನ ಹಂತಗಳು ಜಯನಗರಕ್ಕೆ, ಹೊರಗಿನವು ಬೊಮ್ಮನಹಳ್ಳಿ ಮತ್ತು ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳಿಗೆ. (ರಾಮನಗರ ಜಿಲ್ಲೆಗೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂದೇ ಹೆಸರಿಟ್ಟ ಮೇಲೆ, ಸುದ್ದಿಯಲ್ಲಿ ಆ ಹೆಸರು ಬಂದಾಗ ಯಾವುದರ ಮಾತೆಂದು ಎರಡು ಸಲ ನೋಡಿಕೊಳ್ಳುವುದು ಒಳ್ಳೆಯದು.)

ಹೀಗೆ ಕತ್ತರಿಸಿದಾಗ ಸಮತೂಕ ಉಳಿದದ್ದು ಜಯನಗರದಲ್ಲಿ ಮಾತ್ರ. 1948ರಲ್ಲಿ ಹುಟ್ಟಿದ ಹಳೆಯ ಬ್ಲಾಕುಗಳು, ಪಟ್ಟಾಭಿರಾಮನಗರ, ಶಾಕಾಂಬರಿ ನಗರ ಒಂದು ಕಡೆ. ದೊಡ್ಡ ಮುಸ್ಲಿಂ ಜನಸಂಖ್ಯೆಯ ಗುರಪ್ಪನಪಾಳ್ಯ, ಬೈರಸಂದ್ರದ ಇಕ್ಕಟ್ಟಿನ ಬೀದಿಗಳು, ಸಾರಕ್ಕಿಯ ಮಿಶ್ರ ವಸತಿ ಇನ್ನೊಂದು ಕಡೆ. 2008 ಮತ್ತು 2013ರಲ್ಲಿ ಬಿ.ಎನ್. ವಿಜಯಕುಮಾರ್ ಬಿಜೆಪಿಗೆ ಗೆದ್ದರು. ಸರಳತೆಗೆ ಹೆಸರಾಗಿದ್ದ ಅವರು 2018ರ ಮೇ ತಿಂಗಳಲ್ಲಿ ಪ್ರಚಾರದ ನಡುವೆಯೇ ಕುಸಿದು ತೀರಿಕೊಂಡರು. ಚುನಾವಣೆ ಜೂನ್ 11ಕ್ಕೆ ಹೋಯಿತು. ಅಷ್ಟರಲ್ಲಿ ಕಾಂಗ್ರೆಸ್-ಜೆಡಿಎಸ್ ಸರಕಾರ ರಚನೆಯಾಗಿ, ಜೆಡಿಎಸ್ ತನ್ನ ಅಭ್ಯರ್ಥಿಯನ್ನು ಕಣದಿಂದ ಹಿಂದೆ ಸರಿಸಿತು. ರಾಮಲಿಂಗಾ ರೆಡ್ಡಿಯವರ ಮಗಳು ಸೌಮ್ಯಾ, ವಿಜಯಕುಮಾರರ ತಮ್ಮ ಪ್ರಹ್ಲಾದ ಬಾಬು ಅವರನ್ನು 2,889 ಮತಗಳಿಂದ ಸೋಲಿಸಿದರು. ಮುಂದಿನ ಸಲ ಹದಿನಾರು.

ಮುಂದಿನ ವಿಧಾನಸಭಾ ಚುನಾವಣೆ 2028ರ ಮೇ ತಿಂಗಳೊಳಗೆ ಆಗಬೇಕು. 2018ರಲ್ಲಿ ಜೆಡಿಎಸ್ ಕಾಂಗ್ರೆಸ್ಸಿಗೆ ದಾರಿ ಬಿಟ್ಟಿತ್ತು. 2023ರ ಸೆಪ್ಟೆಂಬರಿನಿಂದ ಅದು ಬಿಜೆಪಿಯ ಜೊತೆಗಿದೆ. ಜಯನಗರದಲ್ಲಿ ಜೆಡಿಎಸ್ ಮತ ಹೆಚ್ಚಿಲ್ಲ, ಆದರೆ ಅಂತರ ಎರಡಂಕಿಯದಾದಾಗ ಯಾವುದೂ ಕಡಿಮೆಯಲ್ಲ. ಬಿ.ಟಿ.ಎಂ.ನಲ್ಲಿ ರಾಮಲಿಂಗಾ ರೆಡ್ಡಿಯವರ ಅಂತರ 2018ರಲ್ಲಿ 20 ಸಾವಿರ ದಾಟಿದ್ದು, 2023ರಲ್ಲಿ ಸುಮಾರು 9 ಸಾವಿರಕ್ಕೆ ಇಳಿದಿತ್ತು; ಅದೂ ರಾಜ್ಯವೆಲ್ಲ ಕಾಂಗ್ರೆಸ್ಸಿನತ್ತ ಹೊರಳಿದ ವರ್ಷದಲ್ಲಿ. ಆ ಕ್ಷೇತ್ರವನ್ನು ಯಾರೂ ಮುಗಿದ ಲೆಕ್ಕವೆಂದು ತಿಳಿಯಬಾರದು. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತು, ಬಸ್ಸಿನ ಶಕ್ತಿ ಯೋಜನೆ ಬಾಡಿಗೆ ಮನೆಗಳಿಗೆ ಮುಟ್ಟಿವೆ. ಇನ್ನೊಂದೆಡೆ, ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಅಷ್ಟೂ ಕಾಲ ಕಸದ ದೂರು, ಬೀದಿದೀಪದ ದೂರು ಶಾಸಕರ ಕಚೇರಿಗೇ ಹೋಯಿತು. ಆ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎಂಬುದು ಬೀದಿಯಿಂದ ಬೀದಿಗೆ ಬದಲಾಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಲೆಕ್ಕ ಮತಗಟ್ಟೆಗೆ ಬಾರದವರದು. 2023ರಲ್ಲಿ ರಾಜ್ಯದ ಮತದಾನ ಶೇ 73ನ್ನು ದಾಟಿತು, ಬೆಂಗಳೂರು ದಕ್ಷಿಣ ಚುನಾವಣಾ ಜಿಲ್ಲೆಯಲ್ಲಿ ಅದು ಸುಮಾರು ಶೇ 52. ಇವರೆಲ್ಲ ಸೋಮಾರಿಗಳು ಎಂದು ಬಯ್ಯುವುದನ್ನು ನಾನು ಒಪ್ಪುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದು ಮನೆ ಬಿಟ್ಟುಹೋದವರು, ತೀರಿಕೊಂಡವರು, ಎರಡೆರಡು ಕಡೆ ಹೆಸರಿರುವವರು ಎಲ್ಲರೂ ಆ ಅಂಕಿಯಲ್ಲಿ ಸೇರಿದ್ದಾರೆ. ಬಾಡಿಗೆದಾರ ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುತ್ತಾನೆ, ಕರಾರು ಪತ್ರ ಕೊಡಲು ಮಾಲೀಕ ಹಿಂಜರಿಯುತ್ತಾನೆ, ಹೆಸರು ಹಳೆಯ ವಿಳಾಸದಲ್ಲೇ ಉಳಿಯುತ್ತದೆ. ಬಿ.ಟಿ.ಎಂ. ಮೊದಲ ಹಂತದಿಂದ ಅರಕೆರೆಗೆ ಹೋದವರ ಕ್ಷೇತ್ರವೇ ಬದಲಾಗಿರುತ್ತದೆ, ಅದು ಅವರಿಗೆ ಗೊತ್ತಾಗುವುದು ಮತದಾನದ ದಿನ.

ಸರಿಪಡಿಸಿಕೊಳ್ಳುವ ದಾರಿ ಕಷ್ಟದ್ದೇನಲ್ಲ. ಹೊಸದಾಗಿ ಸೇರಲು ನಮೂನೆ 6, ವಿಳಾಸ ಬದಲಿಸಲು ನಮೂನೆ 8. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳು ನಾಲ್ಕೂ ಅರ್ಹತಾ ದಿನಗಳು. ಹದಿನೆಂಟು ತುಂಬಿದ ಮಕ್ಕಳು ಮುಂದಿನ ಜನವರಿಯವರೆಗೆ ಕಾಯಬೇಕಿಲ್ಲ. ಅಭ್ಯರ್ಥಿಗಳ ಹೆಸರು ಹೊರಬೀಳುವ ಮೊದಲೇ, 2027ರೊಳಗೆ, ಎರಡೂ ಪಕ್ಷದವರು ಗುರಪ್ಪನಪಾಳ್ಯದಲ್ಲೂ ನಾಲ್ಕನೇ ಬ್ಲಾಕಿನಲ್ಲೂ ಮನೆಮನೆಗೆ ಪಟ್ಟಿ ಹಿಡಿದು ಬರಬೇಕು. ಬಾರದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಹೆಸರು, ಫೋನ್ ಸಂಖ್ಯೆ ಆಯೋಗದ ಜಾಲತಾಣದಲ್ಲಿದೆ. ಆ ಕರೆಯನ್ನು ಬಾಡಿಗೆದಾರರೇ ಮಾಡಬಹುದು.